ಮಣಿಚೀಲದ ತಲೆಕೆಳಗಿನ ಗಿಳಿ

ಕೈಯಾರೆ ಮಾಡಿದ ಉಡುಗೊರೆಗಳ ಬಗ್ಗೆ ನನಗೆ ಎಂದೂ ಗೌರವವಿರಲಿಲ್ಲ. ಪಿಸ್ತಾ ಸಿಪ್ಪೆಗೆ ಬಣ್ಣ ಬಳಿದು, ಇದು ಹೂವು ಎಂದು ಹೇಳಿ ನಮ್ಮ ಕೈಗಿಡುತ್ತಾರೆ. ಅದರ ಧೂಳು ಹೊಡೆಯುವ ಕೆಲಸ ಬದುಕಿರುವವರೆಗೆ ನಮ್ಮದು. ಅಂಗಡಿಯಿಂದ ತಂದದ್ದನ್ನು ಚೆನ್ನಾಗಿಲ್ಲ ಎನ್ನಬಹುದು, ಕೈಯಾರೆ ಮಾಡಿದ್ದನ್ನು ಹಾಗೆನ್ನುವಂತಿಲ್ಲ. ಆ ಧೈರ್ಯದಿಂದಲೇ ಕೊಡುತ್ತಾರೆಂದು ನನ್ನ ಬಲವಾದ ಅನುಮಾನ. ಇಷ್ಟೆಲ್ಲ ತಿಳಿದಿದ್ದ ನಾನೇ ಕಳೆದ ವರ್ಷ ಎರಡು ತಿಂಗಳು ಜಲನಗರದ ನಮ್ಮ ಮನೆಯ ಕಿಟಕಿಯ ಪಕ್ಕ ಕುಳಿತು, ಅಂಗೈಯಗಲದ ಒಂದು ಮಣಿಚೀಲ ಹೆಣೆದೆ.

ಇದರ ಮೂಲ ಅವ್ವನ ಟ್ರಂಕು. ನಮ್ಮ ಕಡೆ ಮದುವೆಯಿರಲಿ, ಬಸುರಿಗೆ ಮಾಡುವ ಕುಬಸವಿರಲಿ, ಹೆಣ್ಣುಮಕ್ಕಳಿಗೆ ಆಯೇರವೆಂದು ಒಂದು ಜಂಪರ್ ಪೀಸ್, ಅಂದರೆ ಕುಪ್ಪಸದ ಬಟ್ಟೆ, ಕೊಡಲೇಬೇಕು. ಅದನ್ನು ಯಾರೂ ಹೊಲಿಸುವುದಿಲ್ಲ. ಹೊಲಿಸುವಂಥದ್ದನ್ನು ಯಾರೂ ಕೊಡುವುದೂ ಇಲ್ಲ. ಅದು ಸೀದಾ ಟ್ರಂಕಿಗೆ ಹೋಗಿ, ಮುಂದಿನ ಮದುವೆಗೆ ಮಡಿಕೆ ಬಿಚ್ಚದೆ ಹೊರಬರುತ್ತದೆ. ಇಟ್ಟಂಗಿಹಾಳದಿಂದ ಹೊರಟ ಒಂದು ಹಸಿರು ತುಂಡು ನನಗಿಂತ ಹೆಚ್ಚು ಊರು ತಿರುಗಿದೆ. ಈ ವ್ಯವಹಾರದಲ್ಲಿ ಇರುವುದು ಒಂದೇ ನಿಯಮ: ಕೊಟ್ಟವರಿಗೇ ತಿರುಗಿ ಕೊಡಬಾರದು. ಅದಕ್ಕೆಂದೇ ಅವ್ವ ಪ್ರತಿ ಪೀಸಿನ ಮಡಿಕೆಯೊಳಗೆ ಕೊಟ್ಟವರ ಹೆಸರು ಬರೆದ ಚೀಟಿ ಇಡುತ್ತಾಳೆ. ಕೊಡುವ ಮುಂಚೆ ಅದನ್ನು ನೋಡಿ ತೆಗೆಯಬೇಕು.

ತಿಕೋಟಾದ ಶೋಭಾ ಡಿಗ್ರಿಯಲ್ಲಿ ಮೂರು ವರ್ಷ ನನ್ನ ಬೆಂಚಿನವಳು. ನನಗೆ ಗೆಳತಿಯರು ಹೆಚ್ಚಿಲ್ಲ. ಸರಿಯಾಗಿ ಹೇಳಬೇಕೆಂದರೆ ಅವಳೊಬ್ಬಳೇ. ಅವಳ ಮದುವೆಯ ದಿನ ನನಗೆ ಎಂ.ಎಸ್ಸಿ. ಪರೀಕ್ಷೆ ಬಂತು. ಹೊರಟು ನಿಂತ ಅವ್ವ "ಟ್ರಂಕಿನಾಗಿಂದು ಒಂದು ಪೀಸ ತಗಿ" ಎಂದಳು. ಮೇಲಿದ್ದ ನೇರಳೆ ತುಂಡನ್ನು ತೆಗೆದುಕೊಟ್ಟೆ. ಒಳಗೆ ಬೆರಳಾಡಿಸಲಿಲ್ಲ. ನಾಲ್ಕು ದಿನ ಬಿಟ್ಟು ಶೋಭಾಳ ಫೋನು.

"ಏನಲೇ, ನಮ್ಮವ್ವ ಕೊಟ್ಟ ಪೀಸ ನಮ್ಮ ಮನಿಗೇ ಬಂತಲ್ಲ. ಒಳಗ ನಮ್ಮವ್ವನ ಹೆಸರಿನ ಚೀಟಿ ಬ್ಯಾರೆ. ವಿಳಾಸ ಬರದ ಕಳಿಸೀರಿ, ಛಲೋ ಆತು ಬಿಡು."

ನಕ್ಕಳೆಂದುಕೊಂಡೆ. ಆಮೇಲೆ ಒಂದೂವರೆ ವರ್ಷ ಅವಳು ಫೋನು ಮಾಡಲಿಲ್ಲ. ನಾನೂ ಮಾಡಲಿಲ್ಲ, ಏನೆಂದು ಹೇಳುವುದು? ಕೊನೆಗೆ ಬಬಲೇಶ್ವರದ ಅವಳ ಗಂಡನ ಮನೆಯಲ್ಲಿ ಇನ್ನೆರಡು ತಿಂಗಳಿಗೆ ಕುಬಸ ಎಂದು ಅವ್ವನಿಗೆ ಕರೆ ಬಂತು. ಈ ಸಲ ಕೊಡುವ ವಸ್ತು ಯಾವ ಟ್ರಂಕಿನಿಂದಲೂ ಬಂದಿರಲು ಸಾಧ್ಯವಿಲ್ಲದ್ದಾಗಿರಬೇಕು, ಇಲ್ಲದಿದ್ದರೆ ಇದ್ದೊಬ್ಬ ಗೆಳತಿಯೂ ಹೋದಳೆಂದು ಗೊತ್ತಿತ್ತು.

ಮಣಿಗೆ ಗಾಂಧಿ ಚೌಕದ ಹಿಂದಿನ ಓಣಿಗೆ ಹೋದೆ. ಅಂಗಡಿಯ ಹಿರಿಯರು "ಬಾಗಿಲ ತೋರಣಕ್ಕೇನ್ರಿ?" ಎಂದರು. ಚೀಲಕ್ಕೆ ಎಂದೆ. "ಚೀಲ ತಯಾರೇ ಸಿಗ್ತಾವಲ್ರಿ" ಎಂದು, ನಾನು ಇತರರನ್ನು ನೋಡುವ ಕಣ್ಣಿನಿಂದಲೇ ನನ್ನನ್ನು ನೋಡಿದರು. ಹೆಣಿಗೆ ಕಲಿಸಿದ್ದು ಫೋನಿನಲ್ಲಿನ ಒಂದು ವಿಡಿಯೋ. ಅದರಲ್ಲಿ ಒಬ್ಬ ಹೆಂಗಸು ಮೊದಲ ನಾಲ್ಕು ನಿಮಿಷ ಮಾತೇ ಆಡುತ್ತಿದ್ದಳು. ಪೀಠಿಕೆಗಳೆಂದರೆ ನನಗೆ ತಾತ್ಸಾರ. ಕೈ ಕಾಣಿಸಿಕೊಂಡಲ್ಲಿಂದ ನೋಡಿದೆ.

ಮಣಿಚೀಲ ಹೆಣೆಯುವಾಗ ಮಣಿಗಳನ್ನೆಲ್ಲ ಮೊದಲೇ ದಾರಕ್ಕೆ ಪೋಣಿಸಿಕೊಳ್ಳಬೇಕು. ಆಮೇಲೆ ಕಡ್ಡಿಯಲ್ಲಿ ಒಂದೊಂದೇ ಕುಣಿಕೆ ಹಾಕುತ್ತ ಮಣಿಯನ್ನು ಜಾರಿಸಿ ಕೂಡಿಸುತ್ತ ಹೋಗಬೇಕು. ನಾನು ಚೌಕುಳಿ ಹಾಳೆಯ ಮೇಲೆ ಒಂದು ಹಸಿರು ಗಿಳಿ ಬರೆದು, ಕೊಕ್ಕಿನಿಂದ ಹಿಡಿದು ಬಾಲದವರೆಗೆ ಸಾಲುಸಾಲಾಗಿ, ಒಂದು ಮಣಿಯೂ ತಪ್ಪದಂತೆ ಪೋಣಿಸಿದೆ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು ನಾನು. ಕೊನೆಗೆ ಪೋಣಿಸಿದ ಮಣಿಯೇ ಮೊದಲು ಕೈಗೆ ಬರುತ್ತದೆ ಎಂಬುದು ಮಾತ್ರ ಹೊಳೆಯಲಿಲ್ಲ. ಅದನ್ನು ಆ ನಾಲ್ಕು ನಿಮಿಷದಲ್ಲಿ ಹೇಳಿದ್ದಳಂತೆ. ಚೀಲದ ಬಾಯಿಯಿಂದ ಹೆಣೆಯಲು ತೊಡಗಿದೆ. ಮೊದಲು ಬಾಲ ಬಂತು. ಹಸಿರಿದ್ದದ್ದರಿಂದ ಅದನ್ನು ತಲೆಯೆಂದೇ ತಿಳಿದು ಮುಂದುವರಿದೆ. ಅರ್ಥವಾದಾಗ ಕುಬಸಕ್ಕೆ ಎರಡು ದಿನ ಉಳಿದಿತ್ತು.

"ಗಿಳಿ ತಲಿಕೆಳಗ ಜೋತು ಬಿದ್ದೈತಲ್ಲ" ಎಂದಳು ಅವ್ವ. "ಇರ್ಲಿ ಬಿಡು, ಚೀಲಾನ ತಿರುವಿ ಹಿಡದ್ರ ನೆಟ್ಟಗ ಕಾಣ್ತೈತಿ." ತಿರುವಿ ಹಿಡಿದರೆ ಒಳಗಿದ್ದದ್ದು ನೆಲಕ್ಕೆ ಬೀಳುತ್ತದೆ ಎಂದು ನಾನು ವಿವರಿಸಲು ಹೋಗಲಿಲ್ಲ.

ಬಬಲೇಶ್ವರದಲ್ಲಿ ಶೋಭಾ ಹಸಿರು ಸೀರೆಯುಟ್ಟು ಕುಳಿತಿದ್ದಳು. ಪಕ್ಕದಲ್ಲಿ ಜಂಪರ್ ಪೀಸುಗಳ ರಾಶಿ. ನನ್ನ ಪೊಟ್ಟಣ ಬಿಚ್ಚಿದಳು, ಚೀಲವನ್ನು ಒಮ್ಮೆ ಹೀಗೆ ಒಮ್ಮೆ ಹಾಗೆ ತಿರುವಿದಳು, ತುಟಿ ಬಿಗಿದಳು. ನಾನು ಬಸ್ಸಿನ ಹೊತ್ತು ಲೆಕ್ಕ ಹಾಕತೊಡಗಿದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಅವಳ ಗಂಡನ ಆಯಿ, ಎಂಬತ್ತು ದಾಟಿದ ಅಜ್ಜಿ, ಚೀಲ ಕಸಿದುಕೊಂಡು ತನ್ನ ಎಲೆ ಅಡಿಕೆಯನ್ನೆಲ್ಲ ಅದಕ್ಕೆ ಸುರಿದು ಟೊಂಕಕ್ಕೆ ಸಿಕ್ಕಿಸಿಯೇಬಿಟ್ಟಳು. ಎರಡು ತಿಂಗಳು ನಾನು ಕಣ್ಣು ಸವೆಸಿದ್ದು ಒಂದು ಎಲೆಯಡಿಕೆ ಚಂಚಿಯಾಯಿತು. ಆಯಿ ಬಗ್ಗಿ ನೋಡಿಕೊಂಡು ನಕ್ಕಳು.

"ಯಾರ ಹೆಣದಾರ ಇದನ್ನ?"

"ನಾನ್ರಿ ಆಯಿ."

"ಶ್ಯಾಣ್ಯಾ ಅದೀ. ನೋಡ್ರೆಬೇ, ಗಿಳಿ ನನ್ನ ಕಡೆ ನೆಟ್ಟಗ ನೋಡಾಕತ್ತೈತಿ. ಮಂದಿ ಚಂಚಿ ಎಲ್ಲಾ ಎದುರಿನವ್ರಿಗೆ ತೋರಸಾಕ. ಇದು ಸಿಗಿಸ್ಕೊಂಡಾಕಿ ನೋಡಾಕ. ಓದಿದ ಹುಡುಗಿ, ವಿಚಾರ ಮಾಡಿ ಹೆಣದಾಳ."

ನಿಜವೇ. ಟೊಂಕದಲ್ಲಿ ತೂಗುವ ಚೀಲವನ್ನು ಮೇಲಿನಿಂದ ನೋಡಿದರೆ ಗಿಳಿ ನೆಟ್ಟಗಿತ್ತು. ಎಲ್ಲರೂ ನನ್ನತ್ತ ತಿರುಗಿದರು. ನಾನು ತಲೆ ತಗ್ಗಿಸಿ, ವಿನಯದ ದನಿಯಲ್ಲಿ "ಹೌದ್ರಿ ಆಯಿ" ಎಂದೆ.

ಶೋಭಾ ಸೆರಗು ಬಾಯಿಗೊತ್ತಿಕೊಂಡು ನಗತೊಡಗಿದಳು, ಎಷ್ಟೆಂದರೆ ಮುಡಿದ ಹೂವು ಜಾರಿತು. ನನ್ನ ಕಿವಿಯ ಹತ್ತಿರ ಬಂದು, "ಸುಳ್ಳಬುರಕಿ. ಮೂರು ವರ್ಷ ಬಾಜೂಕ ಕುಂತೇನಿ, ನನಗ ಗೊತ್ತಿಲ್ಲೇನು?" ಎಂದಳು. "ಆಯಿ ಅದನ್ನ ಇನ್ನ ಕೊಡಾಂಗಿಲ್ಲ. ನನಗ ಇನ್ನೊಂದು ಹೆಣದ ಕೊಡು. ಗಿಳಿ ಹಿಂಗ ತಲಿಕೆಳಗ ಇರಬೇಕ ನೋಡು. ನೆಟ್ಟಗಿದ್ರ ನಾ ತಗೊಳ್ಳಾಂಗಿಲ್ಲ." ಹೊರಡುವಾಗ ನನ್ನ ಕೈಗೊಂದು ಜಂಪರ್ ಪೀಸ್ ಇಟ್ಟಳು. ಬಿಚ್ಚಿ ನೋಡದೆಯೇ ನೇರಳೆ ಬಣ್ಣದ ಗುರುತು ಸಿಕ್ಕಿತು.

ಎರಡನೆಯ ಚೀಲ ಕಳೆದ ವಾರ ಮುಗಿಯಿತು. ಹಳೆಯ ತಪ್ಪನ್ನು ಯಥಾವತ್ತಾಗಿ ಮಾಡಬೇಕೆಂದು ಹಾಳೆಯ ತುಂಬ ಬಾಣದ ಗುರುತು ಹಾಕಿಕೊಂಡೆ. ಖಾತ್ರಿಗೆಂದು ಆ ಹೆಂಗಸಿನ ನಾಲ್ಕು ನಿಮಿಷವನ್ನೂ ಕೇಳಿದೆ, ಅದೇ ಕೆಡಿಸಿತು: ಕೈ ಅವಳು ಹೇಳಿದಂತೆ ಬಾಲದಿಂದಲೇ ಪೋಣಿಸಿಬಿಟ್ಟಿತು. ಗಿಳಿ ನೆಟ್ಟಗೆ ಬಂದಿದೆ, ಚಿತ್ರದಲ್ಲಿ ಬರೆದಷ್ಟೇ ಅಚ್ಚುಕಟ್ಟಾಗಿ. ಶೋಭಾ ಇದನ್ನು ಮುಟ್ಟುವುದಿಲ್ಲ. ಮೂರನೆಯದಕ್ಕೆ ಮಣಿ ತಂದಿದ್ದೇನೆ. ಇದನ್ನು ಅವ್ವನ ಟ್ರಂಕಿನಲ್ಲಿಟ್ಟೆ, ಯಾರದಾದರೂ ಮದುವೆಯ ಆಯೇರಕ್ಕೆ ಆದೀತು. ಒಳಗೆ ನನ್ನ ಹೆಸರಿನ ಚೀಟಿ ಇಡುವುದನ್ನು ಮರೆತಿಲ್ಲ.