ಫ್ರಿಜ್ಜಿನ ಮೇಲೆ ಹೊರಿಸಿದ ಲೀಕೇಜು

ಮನೆಯಲ್ಲಿ ಯಾವುದೇ ವಸ್ತು ತನ್ನ ಪಾಡಿಗೆ ತಾನು ಚೆನ್ನಾಗಿ ನಡೆಯುತ್ತಿದ್ದರೆ ನನಗೆ ಸಮಾಧಾನವಿರುವುದಿಲ್ಲ. ಗಡಿಯಾರ ಸರಿಯಾದ ವೇಳೆ ತೋರಿಸುತ್ತಿದ್ದರೆ ಅದನ್ನು ಬಿಚ್ಚಿ ಒಳಗೆ ಧೂಳು ಕೂತಿದೆಯೇ ಎಂದು ನೋಡುತ್ತೇನೆ. ಆಮೇಲೆ ಅದು ವೇಳೆ ತೋರಿಸುವುದಿಲ್ಲ. ಹೊಟ್ಟೆಪಾಡಿಗೆ ನಾನು ಮಡಗಾಂವದ ಒಂದು ಲಾರಿ ಟ್ರಾನ್ಸ್‌ಪೋರ್ಟಿನಲ್ಲಿ ಬುಕಿಂಗ್ ಗುಮಾಸ್ತ. ಮನಸ್ಸಿನಲ್ಲಿ ಮಾತ್ರ ಹುಟ್ಟಾ ವೈರ್‌ಮನ್. ಈ ವಿದ್ಯೆಗೆ ನನ್ನ ಬಳಿ ಇರುವ ಏಕೈಕ ಆಯುಧ ಟೆಸ್ಟ್ ಲ್ಯಾಂಪು: ಒಂದು ಹೋಲ್ಡರು, ಅದರಲ್ಲೊಂದು ಹಳೆಯ ಬಲ್ಬು, ಕೆಳಗೆ ಜೋತಾಡುವ ಎರಡು ವೈರು. ಒಂದು ವೈರನ್ನು ಪ್ಲಗ್ಗಿನ ಕರೆಂಟಿರುವ ತೂತಿಗೂ ಇನ್ನೊಂದನ್ನು ಅರ್ಥಿಂಗಿನ ದೊಡ್ಡ ತೂತಿಗೂ ಚುಚ್ಚಬೇಕು. ಬಲ್ಬು ಉರಿದರೆ ಅರ್ಥಿಂಗ್ ಗಟ್ಟಿಯಾಗಿದೆ ಎಂದರ್ಥ. ಮೋತಿ ಡೊಂಗರ್ ಗುಡ್ಡದ ಮೇಲಿನ ನಮ್ಮ ಮನೆಯಲ್ಲಿ ಭಾನುವಾರ ತಿಂಡಿಯಾದ ಮೇಲೆ ಇದೇ ನನ್ನ ಪೂಜೆ.

ಈಚೆಗೆ ಒಂದು ದಿನ ಮಿಕ್ಸಿ ಮುಟ್ಟಿದ ನನ್ನ ಹೆಂಡತಿ ಶಾಂತವ್ವನಿಗೆ ಕೈ ಜುಮ್ಮೆಂದಿತು. ಮಿಕ್ಸಿ ರಿಪೇರಿಗೆ ಹೋಯಿತು, ವೈರ್‌ಮನ್ ಬಂದು ಮೀಟರಿನ ಪಕ್ಕ ಒಂದು ಟ್ರಿಪ್ಪರ್ ಕೂರಿಸಿದ. "ಕರೆಂಟ್ ದಾರಿ ಬಿಟ್ಟು ಭೂಮಿಗೆ ಸೋರಿತಂದ್ರ ಇದು ಕಣ್ಣ ಮುಚ್ಚಿ ತೆರಿಯೋದ್ರಾಗ ಇಡೀ ಮನಿ ಬಂದ್ ಮಾಡತೈತ್ರಿ" ಎಂದ. ನಾನು ತಿಳಿದವನಂತೆ ತಲೆಯಾಡಿಸಿದೆ. ಸಂಬಳ ಹೆಚ್ಚಿಸುವುದಿಲ್ಲ ಎಂದು ಮಾಲಕರು ಕಾರಣ ವಿವರಿಸುವಾಗಲೂ ನಾನು ಹೀಗೆಯೇ ತಲೆಯಾಡಿಸುತ್ತೇನೆ, ಆಗಲೂ ಏನೂ ತಿಳಿದಿರುವುದಿಲ್ಲ.

ಮುಂದಿನ ಭಾನುವಾರದ ಪರೀಕ್ಷೆಯನ್ನು ಫ್ರಿಜ್ಜಿನ ಪ್ಲಗ್ಗಿನಿಂದಲೇ ಶುರುಮಾಡಿದೆ. ಅದಕ್ಕೆ ಕಾರಣವಿತ್ತು. ಫ್ರಿಜ್ಜು ಶಾಂತವ್ವನ ತಮ್ಮ ಬಸು ಕೊಟ್ಟದ್ದು. ಮುರ್ಮುಗಾಂವ್ ಬಂದರಿನಲ್ಲಿ ಸರಕು ಏರಿಸುವ ಹುಡುಗ, ಅಕ್ಕನೆಂದರೆ ಪ್ರಾಣ. ಗೋವೆಯ ಸೆಕೆಗೆ ಬೆಳಗಿನ ಮೊಸರು ಮಧ್ಯಾಹ್ನಕ್ಕೇ ಹುಳಿಯಾಗುವುದನ್ನು ಕಂಡು ಮರುಗುತ್ತಿದ್ದ ಅವಳಿಗೆ ತವರೇ ಬಂದು ಅಡುಗೆಮನೆಯ ಮೂಲೆಯಲ್ಲಿ ನಿಂತಂತಾಗಿತ್ತು. ನನಗೆ ಮಾತ್ರ, ನಾನು ಕೊಡಿಸಲಾಗದ್ದನ್ನು ಇವನು ಕೊಡಿಸಿದನಲ್ಲ ಎಂದು ಒಳಗೊಳಗೇ ಉರಿ. ಫ್ರಿಜ್ಜಿನ ವೈರು ಕಿತ್ತು ಬದಿಗಿಟ್ಟು ಟೆಸ್ಟ್ ಲ್ಯಾಂಪು ಚುಚ್ಚಿದೆ. ಟಪ್! ಫ್ಯಾನು ನಿಂತಿತು, ಟಿವಿ ಆರಿತು. ನಾನು ಹೌಹಾರಿ ಎರಡು ಹೆಜ್ಜೆ ಹಿಂದೆ ಹಾರಿದೆ. ಟ್ರಿಪ್ಪರ್ ಎತ್ತಿ ಮತ್ತೆ ಚುಚ್ಚಿದೆ. ಮತ್ತೆ ಟಪ್!

"ನಿನ್ನ ತಮ್ಮನ ಫ್ರಿಜ್ಜಿನಾಗ ಲೀಕೇಜ್ ಐತಿ" ಎಂದು ತೀರ್ಪು ಕೊಟ್ಟೆ.

"ಅಯ್ಯ, ಫ್ರಿಜ್ ಬಿಚ್ಚಿಟ್ಟೀರಲ್ರಿ, ಅದೆಂಗ ಸೋರತೈತಿ?"

"ಇಷ್ಟ ದಿನ ಹಚ್ಚಿದ್ದಿಲ್ಲೇನು? ಅದರ ಲೀಕೇಜ್ ಪ್ಲಗ್ಗಿಗೆ ಇಳದೈತಿ."

ಇಂಥ ಮಾತು ನನ್ನ ಬಾಯಿಂದ ಹೇಗೆ ಬಂತೋ, ನೆನೆದರೆ ಈಗಲೂ ದಂಗಾಗುತ್ತೇನೆ. ಆಗ ಮಾತ್ರ ಅದು ಶಾಸ್ತ್ರೋಕ್ತವಾಗಿ ಕೇಳಿಸಿತು. ಬಸುಗೆ ಫೋನು ಹೋಯಿತು. ಅವನು ಮುಂದಿನ ಭಾನುವಾರ ಟೆಂಪೋ ತಂದ, ಗೆಳೆಯರೊಂದಿಗೆ ಫ್ರಿಜ್ಜನ್ನು ಹೆಗಲ ಮೇಲೆ ಹೊತ್ತು, ನಮ್ಮ ಓಣಿಯ ಕಡಿದಾದ ಮೆಟ್ಟಿಲು ಇಳಿಸಿಕೊಂಡು ಹೋದ. ನನ್ನ ಮುಖ ನೋಡಲಿಲ್ಲ. ಶಾಂತವ್ವ ಮೊಸರಿನ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅವಳ ಕಣ್ಣು ತುಂಬಿತ್ತು.

ಅವಳಿಗೆ ಸಮಾಧಾನ ಹೇಳಲು ನನಗೆ ತಿಳಿದಿದ್ದು ಒಂದೇ ದಾರಿ. "ನೋಡಿಲ್ಲೆ, ಪೀಡಾ ಹೋತು, ಇನ್ನ ಬಲ್ಬ್ ಹೆಂಗ ಉರಿತೈತಿ" ಎಂದು ನಡುಮನೆಯ ಪ್ಲಗ್ಗಿಗೆ ಲ್ಯಾಂಪು ಚುಚ್ಚಿದೆ. ಟಪ್! ಟ್ರಿಪ್ಪರ್ ಎತ್ತಿ ಮಲಗುವ ಕೋಣೆಯ ಪ್ಲಗ್ಗಿಗೆ ಚುಚ್ಚಿದೆ. ಟಪ್!

"ಈಗ ಯಾರನ್ನ ಹೊರಿಸಿ ಕಳಸ್ತೀರಿ? ನನ್ನನ್ನೇನು?" ಎಂದಳು ಶಾಂತವ್ವ. ದನಿ ಏರಿರಲಿಲ್ಲ, ಅದೇ ಭಯ. "ಈ ವಾರ ನೀವು ಆಫೀಸಿಗೆ ಹೋದ ಮ್ಯಾಲೆ ನಾ ದಿನಾ ಕದ್ದು ಫ್ರಿಜ್ ಹಚ್ಚತಿದ್ದೆ. ಒಂದ್ ಸಲಾನೂ ಟಪ್ ಅಂದಿಲ್ಲ. ನೀವು ಆ ಬಲ್ಬ್ ಚುಚ್ಚಿದಾಗಷ್ಟ ಅಂತೈತಿ."

"ಮತ್ತ ಯಾಕ ಹೇಳಲಿಲ್ಲ?"

"ನೀವು ಕೇಳಿದ್ರೇನು?"

ನಾನು ಟ್ರಿಪ್ಪರ್ ಎತ್ತಿ ಹಾಗೆಯೇ ಕುರ್ಚಿಯ ಮೇಲೆ ಕುಸಿದೆ. ವೈರ್‌ಮನ್ ಹೇಳಿದ್ದು ಆಗ ತಲೆಗೆ ಹೋಯಿತು. ಬಲ್ಬಿನ ಮೂಲಕ ಕರೆಂಟನ್ನು ಭೂಮಿಗೆ ಬಿಡುತ್ತಿದ್ದವನು ನಾನೇ, ಸೋರಿತು ಎಂದು ಬಡಬಡಿಸಿದವನೂ ನಾನೇ. ಟ್ರಿಪ್ಪರ್ ಪಾಪ, ಪ್ರತಿ ಸಲವೂ ಕಳ್ಳನನ್ನು ಮಾಲುಸಮೇತ ಹಿಡಿದಿತ್ತು.

ಒಂದೆರಡು ತಾಸಿನ ಮೇಲೆ ಬಸುವಿನದೇ ಫೋನು. ಅವನ ದನಿ ಬಿದ್ದುಹೋಗಿತ್ತು. "ಮಾಮಾ, ಅಕ್ಕಾಗ ಏನರ ಆಗಿದ್ರ ನಾ ಹೆಂಗ ಬದುಕಿರತಿದ್ದೆರಿ? ಈ ಫ್ರಿಜ್ ಯಾರ ಮನಿಗೂ ಬ್ಯಾಡ. ಭಂಗಾರದಂವ ಬಾಗಲಿಗೆ ಬಂದಾನ, ಕೊಟ್ಟಬಿಡ್ತೇನಿ." ಗೋವೆಯಲ್ಲಿ ಗುಜರಿಗೆ ಭಂಗಾರ ಎನ್ನುತ್ತಾರೆ. ಹುಬ್ಬಳ್ಳಿಯ ನನ್ನ ಕಿವಿಗೆ ಅದು ಬಂಗಾರವೆಂದು ಕೇಳಿ, ಫ್ರಿಜ್ಜಿಗೆ ಬಂಗಾರ ಕೊಡುವ ಪುಣ್ಯಾತ್ಮ ಯಾರಪ್ಪ ಎಂದು ಅರೆಕ್ಷಣ ಹಿಗ್ಗಿದೆ. ಅರ್ಥವಾದೊಡನೆ ಹಿಗ್ಗೆಲ್ಲ ಇಳಿಯಿತು. ತಪ್ಪು ನನ್ನದೆಂದು ಹೇಳಬೇಕು, ನಾಲಿಗೆ ಏಳುತ್ತಿಲ್ಲ. ಆ ಹುಡುಗನ ಸಂಕಟ ಕೇಳಿಯೂ ನಾಲಿಗೆ ಏಳಲಿಲ್ಲವಲ್ಲ ಎಂಬುದೇ ನನಗೆ ದೊಡ್ಡ ಆಘಾತ.

ಶಾಂತವ್ವ ಫೋನು ಕಸಿದುಕೊಂಡಳು. ನಾನು ಕಣ್ಣು ಮುಚ್ಚಿದೆ. "ಏ ತಮ್ಮಾ, ಕೊಡಬ್ಯಾಡೋ! ನಿಮ್ಮ ಮಾಮಾ ಎಲ್ಲಾ ರಿಪೇರಿ ಮಾಡ್ಯಾರ, ಈಗ ಲೀಕೇಜ್ ಇಲ್ಲ. ಫ್ರಿಜ್ ತಿರುಗಿ ತಂದುಬಿಡು" ಎಂದಳು. ಏನು ದೊಡ್ಡ ಮನಸ್ಸು! ಗಂಡನ ಮಾನವನ್ನು ತಮ್ಮನೆದುರು ಹೀಗೆ ಕಾಯುವ ಹೆಣ್ಣು ಎಲ್ಲಿದ್ದಾಳೆ? ಅವಳು ಫೋನನ್ನು ನನ್ನ ಕೈಗಿಟ್ಟು, ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ನಾನು ಎದೆಯುಬ್ಬಿಸಿ ಫೋನನ್ನು ಕಿವಿಗೆ ಹಿಡಿದೆ.

"ಚಲೋ ಆತ್ರಿ ಮಾಮಾ" ಎಂದ ಬಸು. ಆಮೇಲೆ, "ಅಲ್ರಿ, ಫ್ರಿಜ್ ಇಲ್ಲೆ ನನ್ನ ಮುಂದ ಐತಿ. ನೀವು ಅಲ್ಲೆ ಕುಂತು ಹೆಂಗ ರಿಪೇರಿ ಮಾಡಿದ್ರಿ?"

ಅಡುಗೆಮನೆಯ ಕಡೆ ನೋಡಿದೆ. ಶಾಂತವ್ವ ನನಗೆ ಬೆನ್ನು ಮಾಡಿ ಮೊಸರಿನ ಪಾತ್ರೆ ತೊಳೆಯುತ್ತಿದ್ದಳು.

"ತಡಿಯೋ ಬಸು, ಲೈಟ್ ಹೋತು ನೋಡು" ಎಂದು ಫೋನು ಕಟ್ ಮಾಡಿದೆ. ತಲೆಯ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು.