ಶನಿವಾರ ಮಾರದ ಕಾವಲಿ

ಒಂಟಿಯಾಗಿ ಬದುಕುವವರಿಗಿರುವ ದೊಡ್ಡ ಅನುಕೂಲವೆಂದರೆ, ಅವರ ಹುಚ್ಚಾಟಕ್ಕೆ ಮನೆಯಲ್ಲಿ ಸಾಕ್ಷಿಗಳಿರುವುದಿಲ್ಲ. ಬೇಲೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಕಡತಗಳ ನಡುವೆ ತಲೆ ನರೆಸಿಕೊಂಡ, ಮದುವೆಯ ಕಾಲಂ ಖಾಲಿ ಬಿಟ್ಟ ನಾನು, ಸಂಜೆ ಮನೆಗೆ ಬಂದು ಸೀರೆ ಬದಲಾಯಿಸುವ ಮೊದಲೇ ಕಮ್ಮಾರಿಕೆಗೆ ಕೂರುತ್ತೇನೆಂದರೆ ಯಾರು ನಂಬುತ್ತಾರೆ? ಅದು ಫೋನಿನ ಆಟ. ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವ ಸುಮಾ "ಟೈಮ್ ಪಾಸ್ ಆಗುತ್ತೆ ಮೇಡಂ" ಎಂದು ಹಾಕಿಕೊಟ್ಟಳು. ಯಾವ್ಯಾವುದೋ ದೇಶದವರು ಅದರಲ್ಲಿ ಕತ್ತಿ, ಗುರಾಣಿ ಮಾಡಿ ಸಂತೆಯಲ್ಲಿ ಮಾರುತ್ತಾರೆ. ನನಗೆ ಕತ್ತಿಯಿಂದ ಆಗಬೇಕಾದ್ದೇನೂ ಇಲ್ಲ. ನಾನು ಕಬ್ಬಿಣದ ದೋಸೆ ಕಾವಲಿ ಮಾಡಿದೆ. ಮಾಡಿದ ವಸ್ತುವಿಗೆ ನಮಗೆ ಬೇಕಾದ ಹೆಸರು ಕೊಡಬಹುದಾದ್ದರಿಂದ ‘ಗೆಂಡೆಹಳ್ಳಿ ಕಾವಲಿ’ ಎಂದು ಹುಟ್ಟೂರಿನ ಹೆಸರಿಟ್ಟೆ.

ಮಾರಿದ ನಾಣ್ಯ ಆಟದ ಚೀಲಕ್ಕೆ ಬೀಳುತ್ತದೆ. ಯಾರು ಕೊಂಡರು, ಯಾವತ್ತು ಕೊಂಡರು ತಿಳಿಯುವುದಿಲ್ಲ. ಅದಕ್ಕೂ ಸುಮಾ ದಾರಿ ತೋರಿಸಿದಳು. ಯಾರೋ ಆಟಗಾರ ಮಾಡಿಟ್ಟ ಒಂದು ಪುಟವಿದೆ. ವಸ್ತುವಿನ ಹೆಸರು ಹಾಕಿದರೆ ಹಿಂದಿನ ಒಂದೊಂದು ದಿನದ ಮಾರಾಟವನ್ನೂ ಧಾರಣೆಯನ್ನೂ ತೆಗೆದು ಮುಂದಿಡುತ್ತದೆ. ಸ್ವಂತಕ್ಕೆ ಒಂದು ತೆಂಗಿನ ಮರವಿಲ್ಲದಿದ್ದರೂ ಅರಸೀಕೆರೆಯ ಕೊಬ್ಬರಿ ಧಾರಣೆ ಓದದೆ ಪೇಪರ್ ಮಡಿಸದ ಅಪ್ಪನ ಮಗಳು ನಾನು, ಬಿಡುತ್ತೇನೆಯೇ? ಹೆಸರು ಹಾಕಿ ನೋಡಿದೆ. ದಿನಕ್ಕೊಂದರಂತೆ ನನ್ನ ಕಾವಲಿ ಮಾರಾಟವಾಗಿತ್ತು. ದಿನಾ ಬೆಳಿಗ್ಗೆ ಯಾರೋ ಒಬ್ಬರು ನನ್ನನ್ನು ನೆನೆಯುತ್ತಿದ್ದಾರೆಂದು ಎಷ್ಟು ಖುಷಿಯಾಯಿತೆಂದರೆ, ಆ ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ವ್ಯಾಪಾರದ ಬುದ್ಧಿ ಬಿಡಬೇಕಲ್ಲ, ಒಂದು ದಿನ ಬೆಲೆ ಏರಿಸಿದೆ. ಪಾಪ, ಆಗಲೂ ಕೊಂಡರು. ನಾಚಿಕೆಯಾಗಿ ಇಳಿಸಿದೆ.

ಆಮೇಲೆ ಗಮನಿಸಿದೆ, ಶನಿವಾರಗಳೆಲ್ಲ ಖಾಲಿ. ಹಿಂದಕ್ಕೆ ಹೋದಷ್ಟೂ ಖಾಲಿ. ಶನಿವಾರ ಕಬ್ಬಿಣ ಕೊಳ್ಳಬಾರದೆಂದು ಹೊರದೇಶದವರಿಗೆ ಯಾರು ಹೇಳಿಕೊಟ್ಟರು? ನಮ್ಮಮ್ಮ ಶನಿವಾರ ಒಂದು ಪಿನ್ನನ್ನೂ ಮನೆಗೆ ತರಗೊಡುತ್ತಿರಲಿಲ್ಲ. ಗೆಂಡೆಹಳ್ಳಿಯ ಹೆಸರಿಗೆ ಮನಸ್ಸು ಕರಗಿ, ಶನಿವಾರಕ್ಕೆ ಹೆದರುವ ಜೀವ ಭೂಮಿಯ ಮೇಲೆ ಇನ್ನು ಒಂದೇ ಉಳಿದಿದೆ, ಬಾಣಾವರದ ನಮ್ಮಕ್ಕ.

ಅಕ್ಕನಿಗೂ ನನಗೂ ಮಾತು ನಿಂತು ಎರಡು ವರ್ಷ. ಅಮ್ಮ ಹೋದ ಮೇಲೆ ಪಾತ್ರೆ ಹಂಚಿಕೊಳ್ಳುವಾಗ ಅಮ್ಮನ ಕಾವಲಿಯನ್ನು ನಾನು ಮೆಲ್ಲಗೆ ಚೀಲಕ್ಕೆ ಇಳಿಸಿದ್ದೆ. ಅಕ್ಕ ನೋಡಿ, "ಒಬ್ಳೇ ಇರೋಳಿಗೆ ಅಷ್ಟು ದೊಡ್ಡ ಕಾವಲಿ ಯಾಕೇ?" ಎಂದಳು. ಮಾತು ನಿಜವಾಗಿತ್ತು, ಅದಕ್ಕೇ ತಡೆಯಲಾಗಲಿಲ್ಲ. ಕಾವಲಿ ತಂದೆ, ಮಾತು ಬಿಟ್ಟೆ. ಒಬ್ಬಳಿಗೆಂದು ಅದನ್ನು ಕಾಯಿಸಲು ಬೇಸರವಾಗಿ ಅಟ್ಟಕ್ಕೆ ಹಾಕಿದೆ. ಇತ್ತ ಅಕ್ಕ ದಿನಾ ಒಂದು ಕಾವಲಿ ಕೊಂಡು ನನಗೆ ಕ್ಷಮಾಪಣೆ ಕಳಿಸುತ್ತಿದ್ದಾಳಲ್ಲ ಎಂದು ನೆನೆದು ಕಣ್ಣೀರು ಬಂತು.

ರಜೆ ಸಿಕ್ಕಿದ ದಿನವೇ ಕಾವಲಿಯ ತುಕ್ಕು ಉಜ್ಜಿ, ಎಣ್ಣೆ ಸವರಿ, ಹಳೇ ಸೀರೆಯಲ್ಲಿ ಸುತ್ತಿ ಬಸ್ಸು ಹತ್ತಿದೆ. ಹಳೇಬೀಡು ದಾಟುವಷ್ಟರಲ್ಲಿ ಕ್ಷಮೆ ನೀಡುವವರ ಗಾಂಭೀರ್ಯ ಮುಖಕ್ಕೆ ಬಂದಿತ್ತು. ಪಕ್ಕದ ಸೀಟಿನ ಅಜ್ಜಿ "ಏನವ್ವ ಅದು, ದೇವ್ರ ಪಟನಾ?" ಎಂದು ಕೇಳಿದರು. ಹೌದೆಂದೆ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ತೆಳ್ಳಗಾಗಿದ್ದಳು. ಎರಡು ವರ್ಷದ ಮೇಲೆ ನನ್ನ ಬಾಯಿಂದ ಬಂದ ಮೊದಲ ಮಾತು, "ದಿನಾ ಯಾಕೆ ಕೊಳ್ತಿದ್ದೆ ಅಕ್ಕ? ಕೇಳಿದ್ರೆ ಇದನ್ನೇ ಕೊಡ್ತಿದ್ದೆ."

"ಏನ್ ಕೊಂಡ್ನೇ?"

"ಫೋನ್‌ನಲ್ಲಿ, ಕಾವಲಿ."

ಅಕ್ಕ ಸೊಂಟದಿಂದ ಫೋನು ತೆಗೆದು ತೋರಿಸಿದಳು. ರಬ್ಬರ್ ಬ್ಯಾಂಡ್ ಸುತ್ತಿದ ಬಟನ್ ಫೋನು. "ಇದ್ರಾಗೆ ನಿನ್ ನಂಬರ್ ಐತೆ. ಒತ್ತೋಕೆ ಧೈರ್ಯ ಬರ್ಲಿಲ್ಲ, ಅಷ್ಟೇ," ಎಂದಳು. ನನ್ನ ಪತ್ತೇದಾರಿಕೆಯೆಲ್ಲ ನೀರಿನಲ್ಲಿ ಹೋಮವಾಯಿತು. ನನಗೂ ಒತ್ತಲು ಎರಡು ವರ್ಷ ಧೈರ್ಯ ಬಂದಿರಲಿಲ್ಲ ಎಂದು ಹೇಳಬೇಕಿತ್ತು. ಅದರ ಬದಲು ಗಂಟು ಬಿಚ್ಚಿ ಕಾವಲಿ ಮುಂದೆ ಹಿಡಿದೆ.

ಅಕ್ಕ ಕೈ ಚಾಚಿದವಳು ಹಿಂದಕ್ಕೆ ಎಳೆದುಕೊಂಡಳು. "ಥೂ, ಇವತ್ತು ಶನಿವಾರ ಕಣೇ. ಅದ್ನ ಹೊರಗೇ ಇಡು. ನೀನ್ ಒಳಗ್ ಬಾ."

ಶನಿವಾರದ ಎಳೆ ಹಿಡಿದು ಅಕ್ಕನನ್ನು ಪತ್ತೆ ಮಾಡಿದವಳಿಗೆ, ಎರಡನೇ ಶನಿವಾರದ ರಜೆಯೂ ಶನಿವಾರವೇ ಎಂಬುದು ಹೊಳೆದಿರಲಿಲ್ಲ. ಕಾವಲಿ ರಾತ್ರಿಯಿಡೀ ಜಗುಲಿಯಲ್ಲಿತ್ತು. ಭಾನುವಾರ ಒಳಗೆ ಬಂದು ಅಲ್ಲೇ ಉಳಿಯಿತು.

ಬೇಲೂರಿಗೆ ಬಂದು ಆ ಪುಟ ತೆರೆದೆ. ಶನಿವಾರ ಖಾಲಿ, ಭಾನುವಾರ ಒಂದು ಮಾರಾಟ. ಯಾವ ಊರಿನ ಯಾರ ಅಕ್ಕನೋ, ತಂಗಿಯೋ, ನನಗೆ ತಿಳಿಯದು. ಆಕೆಗಾಗಿ ಈಗಲೂ ದಿನಕ್ಕೊಂದು ಕಾವಲಿ ಬಡಿಯುತ್ತೇನೆ. ಶನಿವಾರ ಮಾತ್ರ ನಾನೂ ಕುಲುಮೆ ಹಚ್ಚುವುದಿಲ್ಲ. ಇಷ್ಟೆಲ್ಲ ಕಾವಲಿ ಮಾಡಿದವಳ ಮನೆಯಲ್ಲಿ ಈಗ ಒಂದು ಕಾವಲಿಯೂ ಇಲ್ಲ. ದೋಸೆ ತಿನ್ನಬೇಕೆನಿಸಿದರೆ ಬಾಣಾವರದ ಬಸ್ಸು ಹತ್ತಬೇಕು.