ಲೈಸೆನ್ಸಿಲ್ಲದ ಶತ್ರು

ವಯಸ್ಸು ಐವತ್ತು ದಾಟಿದ ಮೇಲೆ ಕೆಲವು ಆಸೆಗಳನ್ನು ಬಾಯಿಬಿಟ್ಟು ಹೇಳಿಕೊಳ್ಳುವುದಕ್ಕೆ ಮುಜುಗರವಾಗುತ್ತದೆ. ಕಾಶಿಗೆ ಹೋಗಬೇಕು ಅಂದರೆ ಜನ ತಲೆದೂಗುತ್ತಾರೆ. ಮಂಡಿನೋವಿಗೆ ಒಳ್ಳೆಯ ಎಣ್ಣೆ ಬೇಕು ಅಂದರೆ ಅಕ್ಕಪಕ್ಕದವರೆಲ್ಲ ಬಾಟಲಿ ಹಿಡಿದು ಬರುತ್ತಾರೆ. ಅದೇ, ಸಾಯುವುದರೊಳಗೆ ಹತ್ತು ಜನರೆದುರು ನಿಂತು ಕೋವಿಯಿಂದ ಒಂದು ಈಡು ಹೊಡೆಯಬೇಕು ಅಂದು ನೋಡಿ. ನನ್ನನ್ನೊಮ್ಮೆ, ನನ್ನ ಹೆಂಡತಿಯನ್ನೊಮ್ಮೆ ನೋಡಿ, ಮನೆಯಲ್ಲಿ ಎಲ್ಲ ಸರಿ ಇದೆಯಷ್ಟೇ ಎಂದು ವಿಚಾರಿಸಿಕೊಳ್ಳುತ್ತಾರೆ. ನನಗೆ ಯಾರನ್ನೂ, ಯಾವ ಹಂದಿಯನ್ನೂ ಕೊಲ್ಲಬೇಕಾಗಿಲ್ಲ. ಬರೀ ಮದ್ದು ತುಂಬಿ, ಢಂ ಅನ್ನಿಸಿ, ಆ ಹೊಗೆಯ ನಡುವೆ ಒಂದು ಕ್ಷಣ ನಿಂತರೆ ಸಾಕು. ಜಯಪುರದ ಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಅಜ್ಜನ ಕಾಲದಿಂದಲೂ ನಮ್ಮ ಮನೆಯಲ್ಲಿದ್ದ ಅತಿ ದೊಡ್ಡ ಆಯುಧವೆಂದರೆ ಬಟ್ಟೆ ಅಳೆಯುವ ಕೋಲು. ಹುಟ್ಟಿದಾಗಿನಿಂದ ಗಿರಾಕಿಗಳ ಹತ್ತಿರ ಮೆತ್ತಗೆ ಮಾತಾಡುತ್ತಲೇ ಬಂದವನಿಗೆ, ತನ್ನ ಕೈಯಿಂದಲೂ ಒಂದು ದೊಡ್ಡ ಸದ್ದು ಹೊರಡಲಿ ಅನ್ನಿಸುವುದು ತಪ್ಪೇನಲ್ಲ.

ಈ ಆಸೆಗೆ ನೀರೆರೆದವರು ಮೇಗುಂದದ ಡ್ರಿಲ್ ಮೇಷ್ಟ್ರು. ನಿವೃತ್ತಿಯಾದ ಮೇಲೆ ಶಿಳ್ಳೆ ಊದಲು ಮಕ್ಕಳು ಸಿಗದೆ ಕಂಗಾಲಾಗಿದ್ದ ಅವರು, ವರ್ಷವರ್ಷವೂ ರಾಜ್ಯೋತ್ಸವಕ್ಕೆ ಶಾಲೆ ಮೈದಾನದಲ್ಲಿ ಹಳೇ ಕಾಲದ ಯುದ್ಧವೊಂದನ್ನು ಆಡಿ ತೋರಿಸುವ ಏರ್ಪಾಡು ಶುರುಮಾಡಿದರು. ನಮ್ಮ ಪಾಳೇಗಾರನ ಸೈನ್ಯ ಒಂದು ಕಡೆ, ದಂಡೆತ್ತಿ ಬಂದ ಪರದೇಶದವರು ಇನ್ನೊಂದು ಕಡೆ. ಕೋವಿಗಳು ಮಾತ್ರ ನಿಜವಾದವು. ಗದ್ದೆ ತೋಟ ಕಾಯಲೆಂದು ನಮ್ಮ ಕಡೆ ಕೆಲವು ಮನೆಗಳಲ್ಲಿ ಇಟ್ಟುಕೊಂಡಿರುವ, ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಗಳು. ಪೊಲೀಸಿನವರು ಒಪ್ಪಿಗೆ ಕೊಟ್ಟರು. ಮದ್ದಿನ ಜೊತೆ ಚರೆ, ಗುಂಡು ಹಾಕಬಾರದು, ನಳಿಗೆ ಆಕಾಶ ನೋಡುತ್ತಿರಬೇಕು, ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರೇ ಕೋವಿ ಹಿಡಿಯಬೇಕು. ಹೀಗಾಗಿ ಸೈನ್ಯ ಭಾಗ ಮಾಡುವುದು ಬಹಳ ಸುಲಭವಾಯಿತು. ಲೈಸೆನ್ಸ್ ಇದ್ದವರೆಲ್ಲ ನಮ್ಮವರು, ಇಲ್ಲದವರೆಲ್ಲ ಶತ್ರುಗಳು. ನಾನು ಹುಟ್ಟೂರಿನಲ್ಲೇ ಪರದೇಶಿಯಾದೆ.

ಇಷ್ಟಾದರೂ ಸಹಿಸಿಕೊಳ್ಳಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಕೋವಿ ಇದೆ! ಅದು ಕಡಹಿನಬೈಲಿನ ನನ್ನ ಮಾವನದು. ಗದ್ದೆಗೆ ಇಳಿಯುವ ಹಂದಿಗಳನ್ನು ಹೆದರಿಸುತ್ತ ಬದುಕು ಸವೆಸಿದವರು ಅವರು. ಅವರಿಗೆ ಇದ್ದದ್ದು ಒಬ್ಬಳೇ ಮಗಳು, ನನ್ನ ಹೆಂಡತಿ ಸುಮಿತ್ರಾ. ಅವರು ತೀರಿಕೊಂಡ ಮೇಲೆ ಗದ್ದೆಯ ಜೊತೆ ಕೋವಿಯೂ ಲೈಸೆನ್ಸೂ ಅವಳ ಹೆಸರಿಗೆ ಬಂದವು. ಮೇಷ್ಟ್ರು ಮೊದಲು, ಪಾಳೇಗಾರನ ಸೈನ್ಯದಲ್ಲಿ ಹೆಂಗಸರು ಇರಲಿಲ್ಲ ಎಂದು ತಕರಾರು ತೆಗೆದರು. ಆಮೇಲೆ ನಮ್ಮ ಕಡೆ ಕೋವಿ ಕಡಿಮೆ ಬಿದ್ದದ್ದು ನೋಡಿ, ಇದ್ದರೂ ಇದ್ದಿರಬಹುದು ಅಂದರು. ಸುಮಿತ್ರಾ ಅಪ್ಪನ ಮುಂಡಾಸು ಸುತ್ತಿಕೊಂಡು ಮೊದಲ ಸಾಲಿಗೆ ಹೋದಳು. ಅವಳ ಬದಲು ನಾನು ಹೊಡೆಯುತ್ತೇನೆ ಎಂದು ನಾನು ಅಂಗಲಾಚಿದ್ದಕ್ಕೆ ಮೇಷ್ಟ್ರು ನನ್ನ ಹೆಗಲ ಮೇಲೆ ಕೈಯಿಟ್ಟು, "ಕಾನೂನು ಮಾರಾಯ. ನೀನು ಸಾಯೂದೇ ಚೆಂದ" ಎಂದರು.

ಸಾಯುವುದೂ ಸುಲಭದ ಕೆಲಸವಲ್ಲ. ಶತ್ರುಗಳಿಗೆ ಕೊಪ್ಪದ ಬ್ಯಾಂಡ್‌ಸೆಟ್ಟಿನವರ ಕೆಂಪು ಕೋಟುಗಳನ್ನು ತರಿಸಿದ್ದರು. ನನಗೆ ಸಿಕ್ಕಿದ್ದು ಡೋಲಿನವನದು. ಅದರೊಳಗೆ ನನ್ನಂಥವರು ಇಬ್ಬರು ಸಾಯಬಹುದಿತ್ತು. ಕೈಯಲ್ಲಿ ಬಿದಿರಿನ ಕೋವಿ. ಈಡು ಕೇಳಿದ ಕೂಡಲೇ ಬೀಳಬೇಕು, ಆದರೆ ಎಲ್ಲೆಂದರಲ್ಲಿ ಬೀಳುವಂತಿಲ್ಲ. ನಾಚಿಕೆಮುಳ್ಳು, ಸೆಗಣಿ, ಚಗಳಿ ಇರುವೆಯ ಸಾಲು, ಇವೆಲ್ಲವನ್ನೂ ಓಡುತ್ತಲೇ ನೋಡಿಕೊಂಡಿರಬೇಕು. ಶೃಂಗೇರಿಯಿಂದ ಬರುವ ನಮ್ಮ ಭಾವನೆಂಟರೊಬ್ಬರು ಒಮ್ಮೆ ವೀರಾವೇಶದಲ್ಲಿ ಚಗಳಿಯ ಮೇಲೆಯೇ ಸತ್ತು, ತಕ್ಷಣ ಎದ್ದು, ಕೋಟು ಕಳಚಿ ಕುಣಿದು, ಇನ್ನೊಂದು ಕಡೆ ಹೋಗಿ ಮತ್ತೆ ಸತ್ತರು. ಜನ ಚಪ್ಪಾಳೆ ತಟ್ಟಿದರು. ನಾನು ಮಾತ್ರ ಪ್ರತಿ ವರ್ಷವೂ ನೆಲಕ್ಕೆ ಕೆನ್ನೆ ಹಚ್ಚಿ, ಎದುರು ಸಾಲಿನಲ್ಲಿ ಹೆಂಡತಿ ಮದ್ದು ಸುರಿಯುವುದನ್ನು, ನಾರಿನ ಉಂಡೆ ತುರುಕುವುದನ್ನು, ಕಬ್ಬಿಣದ ಕೋಲಿನಿಂದ ಜಡಿಯುವುದನ್ನು ಕಳ್ಳಗಣ್ಣಿನಲ್ಲಿ ನೋಡುತ್ತ, ಹೊಟ್ಟೆಕಿಚ್ಚಿನಲ್ಲಿ ಬೇಯುತ್ತ ಬಿದ್ದಿರುತ್ತಿದ್ದೆ. ಸುಡುವುದು ಆಕಾಶಕ್ಕೆ, ಸಾಯುವುದು ನಾವು.

ಕಡೆಗೆ ತಡೆಯಲಾರದೆ ತಾಲೂಕು ಆಫೀಸಿಗೆ ಹೋಗಿ ವಿಚಾರಿಸಿದೆ. ನಿಮ್ಮ ಮನೆಯವರು ಒಪ್ಪಿ ಬರೆದುಕೊಟ್ಟರೆ ಲೈಸೆನ್ಸನ್ನು ನಿಮ್ಮ ಹೆಸರಿಗೆ ಮಾಡಿಸಲು ನೋಡಬಹುದು ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಎದೆಯೇ ಢಂ ಅನ್ನುತ್ತಿತ್ತು. ಮದುವೆಗೆ ಹೆಣ್ಣು ಒಪ್ಪಿದ ದಿನವೂ ನಾನು ಅಷ್ಟು ಹಿಗ್ಗಿರಲಿಲ್ಲ, ಇದನ್ನು ಅವಳಿಗೆ ಹೇಳಬೇಡಿ. ಸುಮಿತ್ರಾ ದೋಸೆ ಹುಯ್ಯುತ್ತಿದ್ದವಳು ಕೇಳಿಸಿಕೊಂಡಳು. ಕಾವಲಿಯ ದೋಸೆ ಸೀದುಹೋಯಿತು. ಆಮೇಲೆ, "ಆಯ್ತು, ಕೊಡ್ತೇನೆ. ಈ ಸಲ ಒಂದು ನಾನೇ ಹೊಡೀತೇನೆ" ಎಂದಳು. ನಾನು ಸೀದ ದೋಸೆಯನ್ನೇ ಹೊಗಳಿ ತಿಂದೆ.

ಆ ವರ್ಷದ ಯುದ್ಧದಲ್ಲಿ ಇದೇ ನನ್ನ ಕೊನೆಯ ಸಾವು ಎಂಬ ಉತ್ಸಾಹದಲ್ಲಿ, ಎಂದಿಗಿಂತ ಮುಂದೆ ನುಗ್ಗಿ ಬಿದ್ದೆ. ಬೆಳಗಿನ ಮಂಜು ಇನ್ನೂ ಹರಿದಿರಲಿಲ್ಲ. ಎಲ್ಲ ಕೋವಿಗಳೂ ಒಟ್ಟಿಗೆ ಹಾರಿ, ಬಿಳೀ ಹೊಗೆ ಮೇಲೇಳಲಾರದೆ ಸೈನಿಕರ ತಲೆಯ ಮೇಲೆಯೇ ಕೂತಿತು. ಎಲ್ಲರೂ ಕೆಮ್ಮುತ್ತ, ಕಣ್ಣು ಒರೆಸುತ್ತ ಹಿಂದೆ ಸರಿದರು. ಸುಮಿತ್ರಾ ಒಬ್ಬಳು ಹೊಗೆಯೊಳಕ್ಕೆ ಮುಂದೆ ಬಂದಳು. ಕೋವಿಯನ್ನು ನೆಲಕ್ಕೂರಿ, ಕಣ್ಣು ಮುಚ್ಚಿ, ಮುಖ ಎತ್ತಿ ನಿಂತಳು. ಮೇಷ್ಟ್ರ ಶಿಳ್ಳೆ ಅವಳಿಗೆ ಕೇಳಿಸಲಿಲ್ಲ. ಹೊಗೆ ಪೂರಾ ಕರಗಿದ ಮೇಲೆಯೇ ಕಣ್ಣು ಬಿಟ್ಟಳು. ಅಷ್ಟು ವರ್ಷ ನಾನು ಅವಳ ಕೈಯನ್ನು ನೋಡಿದ್ದೆನೇ ಹೊರತು ಮುಖವನ್ನು ನೋಡಿರಲಿಲ್ಲ.

ಮನೆಗೆ ಬಂದು ಕೋವಿಯ ನಳಿಗೆಗೆ ಬಿಸಿನೀರು ಹುಯ್ದು ತೊಳೆಯುವಾಗ, ಹಾಗೇಕೆ ನಿಂತಿದ್ದೆ ಎಂದು ಕೇಳಿದೆ. ಅವಳು ಕೈ ನಿಲ್ಲಿಸದೆ ಹೇಳಿದಳು. "ಅಪ್ಪಯ್ಯ ಗದ್ದೆ ಕಾದು ಬೆಳಿಗ್ಗೆ ಮನೆಗೆ ಬರ್ತಿದ್ರಲ್ಲ, ಅವರ ಕಂಬಳಿಗೆ ಇದೇ ವಾಸನೆ. ಫೋಟೋದಲ್ಲಿ ಮುಖ ಸಿಗ್ತದೆ. ಇದು ಎಲ್ಲಿ ಸಿಗ್ತದೆ? ಹೊಗೆ ಇರೂವಷ್ಟು ಹೊತ್ತು ಅವರು ಇಲ್ಲೇ ಇದ್ದ ಹಾಗೆ." ಒರೆಸಿದ ಕೋವಿಯನ್ನು ನನ್ನ ಕೈಗೆ ಕೊಟ್ಟು, "ಹ್ಞೂಂ, ಎಲ್ಲಿ ಸೈನ್ ಹಾಕ್ಬೇಕು ಹೇಳಿ" ಎಂದಳು.

ಕೋವಿ ನಾನು ಅಂದುಕೊಂಡಿದ್ದಕ್ಕಿಂತ ಭಾರವಾಗಿತ್ತು. ಅದನ್ನು ಮೂಲೆಗೆ ಒರಗಿಸಿದೆ. ಆಫೀಸಿನವರು ಅದೆಲ್ಲ ಆಗುವ ಹೋಗುವ ಮಾತಲ್ಲ ಅಂದುಬಿಟ್ಟರು, ನಿನಗೆ ಹೇಳಲು ಮರೆತೆ ಎಂದೆ. ಸುಳ್ಳು ಹೇಳುವುದರಲ್ಲಿ ಅಂಗಡಿಯವನಾದ ನನಗೆ ಒಳ್ಳೆಯ ಅಭ್ಯಾಸವಿದೆ. ಈ ಬಣ್ಣ ಹೋಗುವುದೇ ಇಲ್ಲ ಎಂದು ಎಷ್ಟು ಸೀರೆ ಮಾರಿಲ್ಲ? ಆದರೆ ಅವಳು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. ಮುಂದಿನ ವರ್ಷ ಯುದ್ಧಕ್ಕೆ ಹೊರಡುವಾಗ ನನ್ನ ಕೆಂಪು ಕೋಟಿನ ಗುಂಡಿ ಹಾಕುತ್ತ ಮೆಲ್ಲಗೆ, "ನೀವು ದೂರ ಎಲ್ಲೋ ಬೀಳ್ಬೇಡಿ. ನನ್ನ ಹತ್ರವೇ ಬಂದು ಸಾಯಿರಿ. ಹೊಗೆ ಇಬ್ರಿಗೂ ಆಗ್ತದೆ" ಎಂದಳು.

ಅಂದಿನಿಂದ ಪರದೇಶದ ಸೈನ್ಯದಲ್ಲಿ ಎಲ್ಲರಿಗಿಂತ ಮುಂದೆ ನುಗ್ಗುವ ಶೂರ ನಾನೇ. ಶತ್ರು ಅಷ್ಟು ಹತ್ತಿರ ಬಂದದ್ದು ಚರಿತ್ರೆಯಲ್ಲೇ ಇಲ್ಲ ಎಂದು ಮೇಷ್ಟ್ರು ಬೈಯುತ್ತಾರೆ. ಬೈಯಲಿ. ನಾನು ಹೋಗಿ ಅವಳ ಕಾಲ ಬುಡದಲ್ಲಿ ಬೀಳುತ್ತೇನೆ, ಹೊಗೆ ಇಳಿಯುತ್ತದೆ, ಅವಳು ಕಣ್ಣು ಮುಚ್ಚಿಕೊಳ್ಳುತ್ತಾಳೆ. ನನ್ನ ಕೈಯಿಂದ ಒಂದು ಢಂ ಅನ್ನಿಸುವ ಆಸೆ ಈಗಲೂ ಹಾಗೇ ಇದೆ, ಹೋಗಿಲ್ಲ. ಆದರೆ ಮಾವ ಬಂದಿರುವ ಹೊತ್ತಿನಲ್ಲಿ ಅಳಿಯ ಕೆಮ್ಮಬಾರದಲ್ಲ, ಉಸಿರು ಬಿಗಿಹಿಡಿದು ಸತ್ತೇ ಇರುತ್ತೇನೆ.